ಮಲೆನಾಡಿನಲ್ಲೊಂದು ವೀಣೆಯ ಪರೀಕ್ಷೆ

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ಆಲೂರನ್ನು ದಾಟಿದ ಮೇಲೆ ನಾಡಿನ ಮುಖವೇ ಬದಲಾಗುವುದು. ಬಯಲಿನ ಹೊಲಗಳು ಹಿಂದೆ ಸರಿದು, ತಗ್ಗಿನಲ್ಲಿ ಭತ್ತದ ಗದ್ದೆ, ಏರಿನಲ್ಲಿ ಕಾಫಿಯ ತೋಟ, ಅದಕ್ಕೆ ನೆರಳಾಗಿ ನಿಂತ ಹಲಸು, ಅತ್ತಿ, ಸಿಲ್ವರ್ ಮರಗಳು ಕಾಣತೊಡಗುವುವು. ಆಶ್ವಯುಜ ಹುಟ್ಟಿ ಎರಡು ದಿನವಾಗಿದ್ದರೂ ಮಳೆ ಬಿಟ್ಟಿರಲಿಲ್ಲ. ಹೇಮಾವತಿಯು ಕೆಂಪಾಗಿ ಹರಿಯುತ್ತಿದ್ದಳು. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಮುಗಿದ ಎಂಟು ಮೂಲೆಗಳ ಮಂಜರಾಬಾದಿನ ಕೋಟೆಯನ್ನು ನೋಡಬೇಕೆಂದು ಮಕ್ಕಳು ಹಟ ಹಿಡಿದರು. ಆದರೆ ಈ ಸಲ ನಾವು ಹೊರಟಿದ್ದುದು ವಿಹಾರಕ್ಕಲ್ಲ. ಅಕ್ಕನವರ ತೋಟದ ಮನೆಯಲ್ಲಿ ಒಂದು ವೀಣೆಯ ನ್ಯಾಯ ತೀರ್ಮಾನವಾಗಬೇಕಾಗಿತ್ತು.

ಬೆಂಗಳೂರಿನ ಉತ್ತರಕ್ಕೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರವೆಂಬ ಊರಿದೆ. ಅಲ್ಲಿ ಹಲವು ಮನೆಗಳವರು ಹಲಸಿನ ಮರದಿಂದ ವೀಣೆ ಮಾಡುವುದನ್ನೇ ಕಸುಬಾಗಿ ನಡೆಸಿಕೊಂಡು ಬಂದಿರುವರು. ಪೇಟೆಯ ಅಂಗಡಿಯಲ್ಲಿ ವೀಣೆಯನ್ನು ಕೊಳ್ಳುವವರು ಅಂಗಡಿಯ ಹೆಸರನ್ನು ಬಲ್ಲರೇ ಹೊರತು ಮರವನ್ನು ಕೊರೆದವನ ಹೆಸರನ್ನು ಕೇಳುವುದು ಅಪರೂಪ. ಅಕ್ಕನವರು ತಮ್ಮ ಮಗಳಿಗಾಗಿ ಆ ಕಡೆಯ ಒಬ್ಬ ಕಸುಬುದಾರನಿಂದ ನೇರವಾಗಿ ವೀಣೆ ಮಾಡಿಸಿದ್ದರು. ಅರ್ಧ ಹಣವನ್ನು ಮೊದಲು ಕೊಡುವುದು, ಮಲೆನಾಡಿನ ಒಂದು ಮಳೆಗಾಲವನ್ನು ವೀಣೆಯು ತಡೆದುಕೊಂಡರೆ ಉಳಿದರ್ಧವನ್ನು ಕೊಡುವುದು ಎಂದು ಒಪ್ಪಂದ. ಇಂಥ ಕರಾರಿಗೆ ಅವನು ಒಪ್ಪಿಕೊಂಡುದೇ ನಮಗೆ ಅವನಲ್ಲಿ ಮೊದಲ ನಂಬಿಕೆಯನ್ನು ಹುಟ್ಟಿಸಿತ್ತು.

ಭಾವನವರ ಅಭಿಪ್ರಾಯ ಬೇರೆ. “ನೋಡಯ್ಯಾ, ಹೆಸರು ಕೇಳದವನ ಕೈಯಲ್ಲಿ ಮಾಡಿಸಬೇಡವೆಂದು ನಾನು ಮೊದಲೇ ಹೇಳಿದೆ. ನಿನ್ನ ಅಕ್ಕ ಕೇಳಲಿಲ್ಲ. ಈಗ ಸ್ವರವೇ ನಿಲ್ಲುವುದಿಲ್ಲ, ತಂತಿ ಜರ್ ಎನ್ನುತ್ತದೆ. ಹಿಂದಕ್ಕೆ ಕಳುಹಿಸಿಬಿಡೋಣ” ಎಂದರು. ಹುಡುಗಿಯು ಬಾಗಿಲ ಮರೆಯಲ್ಲಿ ನಿಂತು ನಮ್ಮ ಮುಖವನ್ನೇ ನೋಡುತ್ತಿದ್ದಳು. ಸರಸ್ವತೀ ಪೂಜೆಗೆ ಐದೇ ದಿನವಿತ್ತು.

ಜಮಖಾನೆಯ ಮೇಲೆ ವೀಣೆಯನ್ನು ಮಲಗಿಸಿದೆವು. ಮೊದಲು ಕಣ್ಣನ್ನು ದಂಡಿಯ ಮಟ್ಟಕ್ಕಿಳಿಸಿ ಈ ತುದಿಯಿಂದ ಆ ತುದಿಗೆ ನೋಡಿದೆವು. ಹಸಿಮರದಲ್ಲಿ ಮಾಡಿದ ದಂಡಿಯು ಏಳು ತಂತಿಗಳ ಬಿಗಿತಕ್ಕೆ ಬಾಗುವುದು, ಇದು ಬಾಗಿರಲಿಲ್ಲ. ಕೊಡಕ್ಕೂ ದಂಡಿಗೂ ಕೂಡಿದ ಕಡೆಯಲ್ಲಿ ಉಗುರನ್ನು ಓಡಿಸಿದೆವು, ಎಲ್ಲಿಯೂ ತಡೆಯಲಿಲ್ಲ. ಮೇಲಿನ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಒಡಕು ದನಿ ಬರಲಿಲ್ಲ. ಒಂದು ಬಿರಡೆ ಮಾತ್ರ ಜಾರುತ್ತಿತ್ತು. ಯಾಳಿಯ ಮುಖವಂತೂ ಕರುವಿನ ಮುಖದಂತಿತ್ತೆಂದು ಒಪ್ಪಲೇಬೇಕು. ಆದರೆ ಯಾಳಿಯನ್ನು ಯಾರೂ ನುಡಿಸುವುದಿಲ್ಲವಷ್ಟೆ.

ಮುಂದಿನದು ಅಳತೆ. ಖಾಲಿ ತಂತಿಯ ನಡುಮಧ್ಯವನ್ನು ಒತ್ತದೆ ಬರಿದೆ ಸೋಕಿ ಮೀಟಿದರೆ ಮೇಲಿನ ಷಡ್ಜವು ತಾನಾಗಿ ನುಡಿಯುವುದು. ಹನ್ನೆರಡನೆಯ ಮೆಟ್ಟಿಲನ್ನು ಒತ್ತಿ ಮೀಟಿದಾಗಲೂ ಅದೇ ಷಡ್ಜ ಬರಬೇಕು. ಎರಡಕ್ಕೂ ಕೂದಲೆಳೆಯ ಭೇದವಿರಲಿಲ್ಲ. ಕುದುರೆಯ ಮೇಲಿನ ಲೋಹದ ತಗಡಿನ ಇಳಿಜಾರು ಸಹ ಸರಿಯಾಗಿತ್ತು. ಈ ಅಗಲವಾದ ಕುದುರೆಯನ್ನು ತಂತಿಯು ಸವರಿಕೊಂಡು ಕಂಪಿಸುವುದರಿಂದಲೇ ವೀಣೆಗೆ ಆ ತುಂಬಿದ ನಾದ ಬರುವುದು; ಸರ್ ಸಿ. ವಿ. ರಾಮನ್ನರು 1921ರ ಸುಮಾರಿನಲ್ಲಿ ಇದರ ಮೇಲೆ ಒಂದು ಲೇಖನವನ್ನೇ ಬರೆದಿರುವರು. ಹಾಗಾದರೆ ಈ ಜರ್ ಎಂಬ ಸದ್ದು ಎಲ್ಲಿಯದು?

ಒಂದೊಂದಾಗಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಒತ್ತುತ್ತ ಹೋದೆವು. ನಡುವಿನ ಏಳೆಂಟು ಮೆಟ್ಟಿಲುಗಳು, ಹುಡುಗಿಯು ದಿನವೂ ಸಾಧನೆ ಮಾಡುವ ಭಾಗದವು, ಮೇಣದೊಳಕ್ಕೆ ಕುಸಿದಿದ್ದುವು. ಒಂದನ್ನು ಒತ್ತಿದರೆ ತಂತಿಯು ಪಕ್ಕದ್ದಕ್ಕೆ ತಾಗುತ್ತಿತ್ತು. ಮ್ಯಾಂಡೊಲಿನ್ನಿನ ಮೆಟ್ಟಿಲುಗಳನ್ನು ಮರಕ್ಕೇ ಬಡಿದು ಕೂರಿಸಿರುವರು; ಅಲ್ಲಿ ಅಳತೆ ತಪ್ಪಿದರೆ ತಿದ್ದುವುದು ಕಷ್ಟ. ವೀಣೆಯ ಮೆಟ್ಟಿಲುಗಳಾದರೋ ಜೇನುಮೇಣಕ್ಕೆ ಇದ್ದಿಲಿನ ಕಪ್ಪು ಬೆರೆಸಿದ ಮೆತ್ತೆಯ ಮೇಲೆ ಕೂತಿರುವುವು. ಅದು ಬಿಸಿಗೆ ಇಳಿಯುವುದು, ಮತ್ತೆ ಎತ್ತಿ ಕೂರಿಸಬಹುದು. ಆದುದರಿಂದ ವೀಣೆಯನ್ನು ಪರೀಕ್ಷಿಸುವವರು ಮರದ ತಪ್ಪನ್ನೂ ಮೇಣದ ತಪ್ಪನ್ನೂ ಬೇರೆ ಬೇರೆಯಾಗಿ ಎಣಿಸಬೇಕು.

ಆದರೆ ಈ ಚಳಿಮಳೆಯ ಸೀಮೆಯಲ್ಲಿ ಮೇಣ ಕರಗಿತೆಂದರೆ ನಂಬುವುದು ಹೇಗೆ? ಹೊದಿಕೆಯನ್ನು ಮೂಸಿ ನೋಡಿದೆವು. ಹೊಗೆಯ ವಾಸನೆ ಬಡಿಯಿತು.

“ಅಕ್ಕಾ, ಇದನ್ನು ಎಲ್ಲಿಟ್ಟಿದ್ದಿರಿ?”

ಅಕ್ಕನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಷಾಢದಲ್ಲಿ ಹೊದಿಕೆಗೆಲ್ಲ ಬೂಷ್ಟು ಹಿಡಿಯಿತಪ್ಪ. ಮರ ಹಾಳಾದೀತೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಿಸಿದೆ. ದಿನಾ ಇಳಿಸಿಕೊಂಡು ನುಡಿಸುತ್ತಿದ್ದಳು” ಎಂದರು. ಬೀಜದ ಭತ್ತ, ಹಪ್ಪಳ, ಮೆಣಸು ಎಲ್ಲವನ್ನೂ ಕಾಪಾಡುವ ಅಟ್ಟವದು. ವೀಣೆಯನ್ನೂ ಕಾಪಾಡೀತೆಂದು ಅವರೆಣಿಸಿದುದರಲ್ಲಿ ಆಶ್ಚರ್ಯವೇನು? ಭಾವನವರು ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, “ಹಾಗಾದರೆ ಅಪರಾಧಿಗಳು ನಾವೇ ಎನ್ನು” ಎಂದರು.

ದೂರವಾಣಿಯಲ್ಲಿ ಕರೆದ ಮೂರನೆಯ ದಿನ ಕಸುಬುದಾರನು ಬಂದನು. ಐವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಅಟ್ಟದ ಕಥೆಯನ್ನು ಕೇಳಿ ನಗಲೂ ಇಲ್ಲ, ಆಕ್ಷೇಪಿಸಲೂ ಇಲ್ಲ. ಹಳೆಯ ಮೇಣವನ್ನು ಬಿಡಿಸಿ, ಕಾಯಿಸಿ, ಮತ್ತೆ ಕಟ್ಟಿ, ಒಂದೊಂದು ಮೆಟ್ಟಿಲನ್ನೂ ಕಿವಿಯ ಅಂದಾಜಿನಿಂದಲೇ ಕೂರಿಸುತ್ತ ಬೆಳಗಿನಿಂದ ದೀಪ ಹಚ್ಚುವವರೆಗೆ ಕುಳಿತನು. ಜಾರುವ ಬಿರಡೆಯನ್ನು ನಾವು ಹೇಳುವ ಮುಂಚೆಯೇ ತೆಗೆದು ಸವರಿ ಸರಿಮಾಡಿದನು. ಕೊನೆಗೆ ಹುಡುಗಿಯು ಮೋಹನ ರಾಗವನ್ನು ನುಡಿಸಿದಳು. ಮಂದ್ರದ ಒಂದು ಮೀಟು, ಹೊರಗೆ ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿನಲ್ಲಿಯೂ, ಬಹಳ ಹೊತ್ತು ನಿಂತಿತು. ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರು 1920ರಲ್ಲಿ ಹುಟ್ಟಿದ ಗದ್ದವಳ್ಳಿಯು ಇದೇ ಜಿಲ್ಲೆಯಲ್ಲಿದೆಯೆಂದು ಭಾವನವರೇ ಆಗ ನೆನಪು ಮಾಡಿದರು. ಉಳಿದ ಹಣವನ್ನು ಎಣಿಸಿ, ಮೇಣದ ಕೆಲಸದ ಕೂಲಿಯನ್ನು ಸೇರಿಸಿ, ತಾಂಬೂಲದೊಡನೆ ಕೊಟ್ಟರು.

ಮರುದಿನ ಬೆಳಿಗ್ಗೆ ಕಸುಬುದಾರನು ಹೊರಟಾಗ ಅಂಗಳದ ತುದಿಯಲ್ಲಿದ್ದ ದೊಡ್ಡ ಹಲಸಿನ ಮರದ ಬಳಿ ನಿಂತನು. ಬೊಡ್ಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿ, “ಇದಕ್ಕೆ ಎಷ್ಟು ವರ್ಷವಾಯಿತು, ಸ್ವಾಮಿ?” ಎಂದು ಕೇಳಿದನು. ಭಾವನವರು ಕೇಳಿಸದವರಂತೆ ಕೊಡೆಯನ್ನು ಬಿಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಮುಂದೆ ನಡೆದರು.