ಪರರ ಆಟಗಳಿಗೆ ರೂಪವಿತ್ತವರು

1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯನ್ನು ಸ್ಥಾಪಿಸಿದಾಗ, ವಿಡಿಯೋ ಗೇಮ್ ರಚಿಸುವುದೂ ಜೀವನೋಪಾಯಕ್ಕೆ ಯೋಗ್ಯವಾದ ಒಂದು ವೃತ್ತಿಯೆಂದು ನಂಬುವವರು ನಮ್ಮ ನಗರದಲ್ಲಿ ವಿರಳರಾಗಿದ್ದರು. ಕಂಪ್ಯೂಟರ್ ಕಲಿತವನು ಸಾಫ್ಟ್‌ವೇರ್ ಕಂಪನಿಯನ್ನು ಸೇರಿ ಅಮೆರಿಕದ ದಾರಿ ಹಿಡಿಯಬೇಕು, ಚಿತ್ರ ಬರೆಯಬಲ್ಲವನು ಡ್ರಾಯಿಂಗ್ ಮೇಷ್ಟರಾಗಬೇಕು, ತಪ್ಪಿದರೆ ಅಂಗಡಿಗಳ ಬೋರ್ಡು ಬರೆಯಬೇಕು ಎಂಬುದೇ ಮಧ್ಯಮವರ್ಗದ ಮನೆಗಳ ಲೆಕ್ಕಾಚಾರವಾಗಿದ್ದ ಆ ಕಾಲದಲ್ಲಿ, ಈ ಎರಡು ವಿದ್ಯೆಗಳೂ ಒಂದೇ ಮೇಜಿನ ಮೇಲೆ ಸಂಧಿಸಬಹುದೆಂಬ ಕಲ್ಪನೆಯೇ ನೂತನವಾಗಿದ್ದಿತು.

ಮೈಸೂರಿನ ‘ಕಾವಾ’ ಕಲಾಶಾಲೆಯಲ್ಲಿ ಶಿಲ್ಪಕಲೆಯನ್ನು ಅಭ್ಯಸಿಸಿ ಬಂದ ನಾನು ಅದೇ ಕಸುಬಿನ ಮತ್ತೊಂದು ಸಣ್ಣ ಸ್ಟುಡಿಯೋವನ್ನು ಸೇರಿದೆನಾದರೂ, ಸಂಜೆ ದರ್ಶಿನಿಯೆದುರು ಕಾಫಿಗೆ ನೆರೆದ ನಮ್ಮವರ ಮಾತೆಲ್ಲ ಸುತ್ತಿ ಬಳಸಿ ಧ್ರುವದತ್ತಲೇ ಬಂದು ನಿಲ್ಲುತ್ತಿದ್ದಿತು. ಈ ವಿದ್ಯೆಯನ್ನು ಕಲಿಸುವ ಕಾಲೇಜು ಆಗ ಇರಲಿಲ್ಲವಾಗಿ, ಅಲ್ಲಿ ಕಲಿತವರು ಇಲ್ಲಿಯವರಿಗೆ ಹೇಳಿಕೊಡುವುದೇ ಕ್ರಮವಾಗಿದ್ದಿತು.

ಕೆಲಸದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಒಂದು ಕಾರನ್ನು ರೂಪಿಸಬೇಕೆಂದರೆ, ಅದರ ಸರ್ವಪಾರ್ಶ್ವಗಳ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಪಾಲಿಗನ್ನುಗಳೆಂಬ ಸಣ್ಣ ಸಣ್ಣ ಮುಖಗಳನ್ನು ಒಂದಕ್ಕೊಂದು ಜೋಡಿಸಿ ಆಕಾರವನ್ನು ಕಟ್ಟಿ, ಬಣ್ಣ, ಹೊಳಪು, ಸೀಟಿನ ಹೊಲಿಗೆಗಳನ್ನು ಟೆಕ್ಸ್ಚರ್ ರೂಪದಲ್ಲಿ ಅದಕ್ಕೆ ಹೊದಿಸಿ, ತರುವಾಯ ದೂರದಿಂದ ಕಾಣುವಾಗ ಯಂತ್ರಕ್ಕೆ ಭಾರವಾಗದಂತೆ ಅದೇ ಕಾರಿನ ಸರಳತರ ಪ್ರತಿಗಳನ್ನೂ ಸಿದ್ಧಪಡಿಸಬೇಕು. ಇಷ್ಟಾದ ಮೇಲೂ ಸಮುದ್ರದಾಚೆಯ ಗ್ರಾಹಕನು ದೀಪದ ಗಾಜಿನ ವಕ್ರತೆ ಸರಿಯಿಲ್ಲವೆಂದು ಹಿಂದಿರುಗಿಸುವುದುಂಟು. ಮಣ್ಣಿನಲ್ಲಿ ಪಳಗಿದ ಕಣ್ಣು ಇಲ್ಲಿಯೂ ನೆರವಿಗೆ ಬಂದುದು ನನ್ನ ಭಾಗ್ಯ. ಆದರೆ ಕರಾರಿನ ನಿರ್ಬಂಧದಿಂದಾಗಿ, ಯಾವ ಆಟಕ್ಕಾಗಿ ದುಡಿಯುತ್ತಿರುವೆವೆಂಬುದನ್ನು ಮನೆಯಲ್ಲಿಯೂ ಹೇಳುವಂತಿರಲಿಲ್ಲ. ರಥವನ್ನು ಕೆತ್ತಿದ ಆಚಾರಿಯ ಹೆಸರನ್ನು ರಥೋತ್ಸವದ ದಿನ ಯಾರೂ ಕೇಳದಿರುವಂತೆ, ಆಟ ಬಿಡುಗಡೆಯಾದಾಗ ನಮ್ಮನ್ನು ಕೇಳುವವರಿರಲಿಲ್ಲ.

ಪರರಿಗಾಗಿ ದುಡಿಯುವ ಈ ಮಾರ್ಗವನ್ನು ಧ್ರುವವು ಹಿಡಿದುದಕ್ಕೆ ಕಾರಣವಿಲ್ಲದಿರಲಿಲ್ಲ. ಆಟವನ್ನು ಹಣ ತೆತ್ತು ಕೊಳ್ಳುವ ಗ್ರಾಹಕವರ್ಗ ಆಗಿನ ಭಾರತದಲ್ಲಿ ಅತ್ಯಲ್ಪವಾಗಿದ್ದಿತು. ಕೊಂಡವರಲ್ಲಿಯೂ ಕಳ್ಳಪ್ರತಿಯ ಸಿ.ಡಿ. ಕೊಂಡವರೇ ಅಧಿಕ. ಅತ್ತ 2005ರಲ್ಲಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಯಂತ್ರ ಬಂದ ಮೇಲೆ ಚಿತ್ರದ ಸೂಕ್ಷ್ಮತೆಯೊಡನೆ ನಿರ್ಮಾಣದ ವೆಚ್ಚವೂ ಏರಿ, ಪಾಶ್ಚಾತ್ಯ ಸ್ಟುಡಿಯೋಗಳು ಕಲೆಯ ಕೆಲಸವನ್ನು ಹೊರಗೆ ಹಂಚತೊಡಗಿದುವು. ಮೈಕ್ರೋಸಾಫ್ಟ್‌ನ ಫೋರ್ಜಾ ಸರಣಿಯ ಕಾರುಗಳು ಬೆಂಗಳೂರಿನ ಮೇಜುಗಳ ಮೇಲೆ ರೂಪುಗೊಂಡುದು ಹೀಗೆ. ಮೊಬೈಲ್ ಆಟಗಳಲ್ಲಿ ಚಾರ್ಲಿ ಚಾಪ್ಲಿನ್ನನ ರೂಪವನ್ನು ಬಳಸುವ ಹಕ್ಕನ್ನು ಧ್ರುವವು ಪಡೆದುದನ್ನು ಥಾಮಸ್ ಫ್ರೀಡ್‌ಮನ್ ತಮ್ಮ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಗ್ರಂಥದಲ್ಲಿ ಉಲ್ಲೇಖಿಸಿದಾಗ, ನಮ್ಮ ಕಸುಬಿಗೇ ಮಾನ ಬಂದಂತಾಯಿತು.

ಮುಂದಿನದು ಸಂಕ್ಷಿಪ್ತ. 300ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದ ಧ್ರುವದ ಬಹುಪಾಲನ್ನು 85 ಲಕ್ಷ ಡಾಲರಿಗೆ ಕೊಳ್ಳುವುದಾಗಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ 2016ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಒಡೆಯನೇ ಹಣದ ಮುಗ್ಗಟ್ಟಿಗೆ ಸಿಕ್ಕಿ, 2019ರ ಮೇ ತಿಂಗಳಿನಲ್ಲಿ ತನ್ನ ಪಾಲನ್ನು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರುವುದಾಗಿ ತಿಳಿಸಿತು. ಬೆಂಗಳೂರಿನಲ್ಲಿಯೇ ಇದ್ದ ರಾಕ್‌ಸ್ಟಾರ್ ಇಂಡಿಯಾದೊಳಗೆ ಧ್ರುವವು ಲೀನವಾಯಿತು. ಸ್ವತಂತ್ರವಾದ ಆ ಹೆಸರು ಅಲ್ಲಿಗೆ ಮುಗಿಯಿತು.

ಇಷ್ಟು ಕಾಲ ಬಾಳಿದ ಸಂಸ್ಥೆ ಜಗತ್ತು ತನ್ನದೆಂದು ಗುರುತಿಸುವಂಥ ಆಟವೊಂದನ್ನು ಬಿಟ್ಟುಹೋಗಲಿಲ್ಲವೆಂದು ಆಕ್ಷೇಪಿಸುವವರುಂಟು. 2020ರಲ್ಲಿ ಪುಣೆಯ ನಾಡಿಂಗ್ ಹೆಡ್ಸ್ ತಂಡವು ನಮ್ಮ ಪುರಾಣಗಳ ಆಧಾರದಿಂದ ‘ರಾಜಿ’ಯನ್ನು ಹೊರತಂದಾಗ ಈ ಮಾತು ಮತ್ತೆ ಕೇಳಿಬಂದಿತು. ಆಕ್ಷೇಪ ನಿರಾಧಾರವಲ್ಲ. ಆದರೆ ಸ್ವಂತ ಆಟವನ್ನು ಕಟ್ಟಲು ಹೊರಡುವವನಿಗೆ ಮೊದಲು ಬೇಕಾದುದು ಪಳಗಿದ ಕೈಗಳು. ಆ ಕೈಗಳನ್ನು, ಶುಲ್ಕ ಕೇಳದೆ, ತಿಂಗಳ ಸಂಬಳವನ್ನೂ ಕೊಟ್ಟು ಈ ನಾಡಿನಲ್ಲಿ ಮೊದಲು ಸಿದ್ಧಪಡಿಸಿದ ಸಂಸ್ಥೆಗಳಲ್ಲಿ ಧ್ರುವಕ್ಕೆ ಅಗ್ರಸ್ಥಾನ ಸಲ್ಲತಕ್ಕದ್ದು.