ಮಾರಿಕಣಿವೆಯ ಪಾಠ

ಅಭಿವೃದ್ಧಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ದೇಶವಿದೇಶಗಳ ಸೇವೆಗೆ ಹೊರಡಬಯಸುವ ತರುಣ ತರುಣಿಯರು, ಹಡಗನ್ನೋ ವಿಮಾನವನ್ನೋ ಏರುವ ಮುನ್ನ ಹಿರಿಯೂರಿನ ಹಾದಿ ಹಿಡಿಯುವುದು ಲೇಸು. ಊರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಂತಿದೆ ಮಾರಿಕಣಿವೆಯ ಕಲ್ಲಿನ ಅಣೆಕಟ್ಟು. 1907ರಲ್ಲಿ ಪೂರ್ಣಗೊಂಡ ಈ ವಾಣಿವಿಲಾಸ ಸಾಗರವು ಬರದ ಸೀಮೆಗೆ ತೋಟಗಳನ್ನು ತಂದಿತು. ಚಿತ್ರದುರ್ಗದ ಮನೆಗಳಿಗೂ ಕುಡಿಯುವ ನೀರನ್ನು ಕೊಡುತ್ತಿದೆ.

1933ರ ಬಳಿಕ ಇದರ ಕೋಡಿ ಮತ್ತೆ ಹರಿದದ್ದು 2022ರಲ್ಲಿ. ಹಿರಿಯೂರಿನ ಜನ ಹಿಗ್ಗಿನಿಂದ ನೋಡಲು ನೆರೆದರು. ಅದೇ ವೇಳೆಗೆ ಮೇಲ್ಗಡೆಯ ಹೊಸದುರ್ಗ ತಾಲ್ಲೂಕಿನ ಹೊಲಗಳಲ್ಲಿ ಹಿನ್ನೀರು ನಿಂತಿತು.

ಇಂಥ ಪ್ರಶ್ನೆಗಳ ಅಧ್ಯಯನಕ್ಕಾಗಿಯೇ ವಿ.ಕೆ.ಆರ್.ವಿ. ರಾಯರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ಯಾವ ಹೊಲಕ್ಕೆ ನೀರು ಹರಿಯಿತೆಂದು ಕೇಳುವ ವಿದ್ಯಾರ್ಥಿಯು ಯಾವ ಹೊಲ ಮುಳುಗಿತೆಂದೂ ಕೇಳಬೇಕು. ಆಫ್ರಿಕದ ಹಳ್ಳಿಗೆ ಹೋದರೂ ಆ ಪ್ರಶ್ನೆ ಅವರ ಕೈಬಿಡದು.