ರಸೀದಿಯ ಬೆನ್ನಿನ ಸಾಲು

2019ರ ಮಳೆಗಾಲ. ಪುಣೆಯ ಕಾಲೇಜೊಂದಕ್ಕೆ ಸೇರಿದ್ದ ನನ್ನ ಅಕ್ಕನ ಮಗನಿಗೆ ಧಾರವಾಡದಲ್ಲೇ ಸೀಟು ಸಿಕ್ಕಿತು. ಇಲ್ಲಿ ಕಟ್ಟಿದ್ದು ಅಕ್ಕ ಬಳೆ ಅಡವಿಟ್ಟು ತಂದ ಹಣ. "ಕಟ್ಟಿದ ಶುಲ್ಕ ಮರಳಿ ಸಿಗದು" ಎಂದು ರಸೀದಿಯ ಬೆನ್ನಿಗೇ ಅಚ್ಚಾಗಿತ್ತು. ಮೂಲ ಅಂಕಪಟ್ಟಿಯೂ ಅವರ ಕಪಾಟಿನಲ್ಲಿ. "ಹೋದ ರೊಕ್ಕ ಹೋತು, ಬಿಡ್ರಿ ಮಾಮಾ" ಎಂದ ಹುಡುಗ.

ನಾನು ಬಿಡಲಿಲ್ಲ. ಯು.ಜಿ.ಸಿ.ಯ 2018ರ ಅಧಿಸೂಚನೆ ತರಿಸಿ ಓದಿದೆ. ಪ್ರವೇಶದ ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ನೂರಕ್ಕೆ 80, 30 ದಿನದೊಳಗಾದರೆ 50 ಮರಳಿಸಬೇಕು. ಆಮೇಲೆ ಏನೂ ಇಲ್ಲ. ಮೂಲ ಪತ್ರಗಳನ್ನಂತೂ ಹಿಡಿದಿಡುವಂತೆಯೇ ಇಲ್ಲ. ಅಂದೇ ಅರ್ಜಿ ಬರೆಸಿ, ಪ್ರತಿಯ ಮೇಲೆ ತಾರೀಖಿನ ಮುದ್ರೆ ಹಾಕಿಸಿಕೊಂಡೆ.

ನೂರಕ್ಕೆ 80 ಬಂತು. ಉಳಿದದ್ದನ್ನು ನಾನು ಸೇರಿಸಿ ಬಳೆ ಬಿಡಿಸಿದೆವು. ಬಾಯಿಮಾತಿನಲ್ಲಿ ಕೇಳುತ್ತ ಓಡಾಡಿದ್ದರೆ ಆ 30 ದಿನಗಳೂ ಕಳೆದುಹೋಗುತ್ತಿದ್ದವು.